ಬೆಳಿಗ್ಗೆ ಒಂಬತ್ತನೇ ತರಗತಿ, ಸಂಜೆ ವಯಸ್ಕರು: ಒಂದೇ ಪಾಠ ಇಬ್ಬರಿಗೂ ಏಕೆ ಒಗ್ಗುತ್ತಿಲ್ಲ?

ಸಂಜೆಪಾಠ (ಪ್ರಶ್ನೆ):
ನಾನು ಬೆಂಗಳೂರಿನ ಶಾಲೆಯೊಂದರಲ್ಲಿ, ಹೊರರಾಜ್ಯಗಳಿಂದ ಬಂದ ಒಂಬತ್ತನೇ ತರಗತಿಯ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ವಾರಕ್ಕೆರಡು ಸಂಜೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಿಂದಿ ಮಾತನಾಡುವ ವಯಸ್ಕರಿಗೂ ಪಾಠ ಮಾಡುತ್ತೇನೆ. ಕಳೆದ ತಿಂಗಳು ಐವತ್ತು ದಾಟಿದವರೊಬ್ಬರು ತಮ್ಮ ಊರನ್ನು ವರ್ಣಿಸುತ್ತಾ "ನಮ್ಮ ಹಲ್ಲಿ ಬಹಳ ದೊಡ್ಡದು" ಎಂದರು. "ಹಲ್ಲಿ ಗೋಡೆಯ ಮೇಲಿರುತ್ತದೆ, ನಿಮ್ಮದು ಹಳ್ಳಿ" ಎಂದು ನಾನು ತಿದ್ದಿದಾಗ ಎಲ್ಲರೂ ನಕ್ಕರು, ಅವರೂ ನಕ್ಕರು. ಮುಂದಿನ ವಾರದಿಂದ ಅವರು ಬರಲಿಲ್ಲ. ಶಾಲೆಯಲ್ಲಿ ಇದೇ ತಪ್ಪಿಗೆ ಇದೇ ಮಾತು ಹೇಳಿದ್ದೆ, ಏನೂ ಆಗಿರಲಿಲ್ಲ. ವಯಸ್ಕರಿಗೆ ಕಲಿಸುವ ಬಗೆಯೇ ಬೇರೆಯೇ?

ಕರಿಹಲಗೆ:
ಶಾಲೆಯಲ್ಲಿ ಏನೂ ಆಗಿರಲಿಲ್ಲವೆಂದು ಅಷ್ಟು ಖಚಿತವಾಗಿ ಹೇಳಬೇಡಿ. ನಿಮ್ಮ ಸಂಜೆಯ ವಿದ್ಯಾರ್ಥಿಗೆ ಬೇಸರವಾದರೆ ಮನೆಯಲ್ಲೇ ಉಳಿಯುವ ಸ್ವಾತಂತ್ರ್ಯವಿದೆ. ಹದಿನಾಲ್ಕರ ಹುಡುಗನಿಗೆ ಹಾಜರಿಯ ಕಟ್ಟುಪಾಡಿರುವುದರಿಂದ ಅವನು ಬೆಂಚಿನ ಮೇಲೆ ಕುಳಿತೇ ಪಾಠ ಬಿಟ್ಟಿರುತ್ತಾನೆ. ಅಂದು ತಪ್ಪು ಹೇಳಿದವನು ಆಮೇಲೆ ಎಷ್ಟು ಸಲ ಕೈಯೆತ್ತಿದ್ದಾನೆ, ನೋಡಿ. ಅವನ ಅಂಜಿಕೆ ಗೆಳೆಯರ ಬಗ್ಗೆ. ಹಿರಿಯರ ಸಂಕೋಚ, ಕಚೇರಿಯಲ್ಲಿ ಹತ್ತು ಜನರಿಗೆ ಹೇಳಿಕೊಡುವ ತಾವು ಇಲ್ಲಿ ಮಗುವಿನಂತೆ ತೊದಲುತ್ತಿದ್ದೇವಲ್ಲ ಎಂಬುದರ ಬಗ್ಗೆ. ನಾನಾಗಿದ್ದರೆ "ಹೌದೇ, ನಿಮ್ಮ ಹಳ್ಳಿಯಲ್ಲಿ ಎಷ್ಟು ಮನೆಗಳಿವೆ?" ಎಂದು ಕೇಳುತ್ತಿದ್ದೆ. ಸರಿಯಾದ ಪದ ಅವರ ಕಿವಿಗೆ ಬೀಳುತ್ತದೆ, ಮಾತೂ ನಿಲ್ಲುವುದಿಲ್ಲ.

ಒತ್ತಕ್ಷರ:
ಮೇಲಿನ ಮಾತು ಸರಿ, ಆದರೆ ವಯಸ್ಕರಿಗೆ ಕಾರಣವನ್ನೂ ಹೇಳಬೇಕು. ಹಿಂದಿಯ ಬರಹದಲ್ಲಿ ಳಕಾರವಿಲ್ಲ. ಎ, ಒ ಎಂಬ ಹ್ರಸ್ವಗಳಿಗೆ ಬೇರೆ ಅಕ್ಷರಗಳೂ ಇಲ್ಲ. ಆದ್ದರಿಂದಲೇ "ನೀರು ಕೊಡಿ" ಎನ್ನುವುದು ಅವರ ಬಾಯಲ್ಲಿ "ನೀರು ಕೋಡಿ" ಆಗಿ, ಕೆರೆ ತುಂಬಿ ಹರಿದಂತೆ ಕೇಳಿಸುತ್ತದೆ. ತಪ್ಪಿನ ಮೂಲ ತಮ್ಮ ದಡ್ಡತನವಲ್ಲ, ತಮ್ಮ ಭಾಷೆಯ ಜಾಯಮಾನ ಎಂದು ತಿಳಿದೊಡನೆ ಅವರ ಭುಜ ಸಡಿಲವಾಗುವುದನ್ನು ನಾನು ಕಂಡಿದ್ದೇನೆ. ಅವರಿಗೆ ಮೊದಲೇ ಬರುವುದನ್ನೂ ಬಳಸಿಕೊಳ್ಳಿ: "ಮುಝೆ ಚಾಹಿಯೆ" ಎನ್ನುವವರಿಗೆ "ನನಗೆ ಬೇಕು" ಎಂಬ ರಚನೆ ಹೊಸದೇನಲ್ಲ.

ಬಳಪ:
ಹಾಗೆಂದು ಕಾರಣ ಹಿರಿಯರಿಗೆ, ಆಟ ಕಿರಿಯರಿಗೆ ಎಂದು ಪಾಲು ಮಾಡಬೇಡಿ. ವಯಸ್ಕರ ಕಲಿಕೆಯ ಬಗ್ಗೆ ಬರೆದ ಅಮೆರಿಕದ ಮಾಲ್ಕಮ್ ನೋಲ್ಸ್ 1970ರ ತಮ್ಮ ಪುಸ್ತಕದಲ್ಲಿ ಮಕ್ಕಳ ಬೋಧನೆಯನ್ನೂ ವಯಸ್ಕರ ಬೋಧನೆಯನ್ನೂ ಎದುರುಬದುರು ನಿಲ್ಲಿಸಿದ್ದರು. 1980ರ ಪರಿಷ್ಕರಣೆಯ ಹೊತ್ತಿಗೆ ಉಪಶೀರ್ಷಿಕೆಯನ್ನೇ ಬದಲಿಸಿ, ಒಂದರಿಂದ ಇನ್ನೊಂದಕ್ಕೆ ಸಾಗುವ ದಾರಿಯಂತೆ ಕಂಡರು. ಒಂಬತ್ತನೇ ತರಗತಿಯವರು ಆ ದಾರಿಯ ನಡುವೆಯೇ ಇದ್ದಾರೆ. "ಇದನ್ನೇಕೆ ಕಲಿಯಬೇಕು?" ಎಂದು ಅವರು ಕೇಳಿದರೆ ಉದ್ಧಟತನವೆಂದು ತಿಳಿಯದೆ ಉತ್ತರಿಸಿ. ಸಂಜೆಯವರಿಗೂ ಆಟವಾಡಿಸಿ, ಆದರೆ ಅದು ತರಕಾರಿ ಅಂಗಡಿಯ ಚೌಕಾಸಿಯಾಗಿರಲಿ; ಚಪ್ಪಾಳೆ ತಟ್ಟಿಸಬೇಡಿ.

ಸಂಜೆಪಾಠ:
ಕರಿಹಲಗೆಯವರ ಮಾತು ನಾಟಿತು. ಶಾಲೆಯ ಆ ಹುಡುಗ ಅಂದಿನಿಂದ ಒಮ್ಮೆಯೂ ಕೈಯೆತ್ತಿಲ್ಲ, ನಾನು ಗಮನಿಸಿರಲಿಲ್ಲ. ಸಂಜೆಯವರಿಗೆ ನಿನ್ನೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಪರವಾಗಿಲ್ಲ" ಎಂದರು, ಳಕಾರ ಹೇಳುವಾಗ ನಾಲಿಗೆಯನ್ನು ಎಲ್ಲಿಗೆ ಮಡಚಬೇಕೆಂದು ವಿಚಾರಿಸಿದರು. ಬರುತ್ತೇನೆಂದು ಮಾತ್ರ ಇನ್ನೂ ಹೇಳಿಲ್ಲ.