ಬೆಲ್‌ಫಾಸ್ಟ್ ಫ್ಲಾಗೆ ಹೊರಟಿದ್ದೇವೆ: ಏನು ನೋಡಬೇಕು, ಎಲ್ಲಿ ಕೂರಬೇಕು?

ಬ್ಲಾಂಚ್ ಅಪ್ಪ:

ಎಲ್ಲರಿಗೂ ನಮಸ್ಕಾರ. ನಾವು ಮೈಸೂರು ಕಡೆಯವರು, ಈಗ ಡಬ್ಲಿನ್ 15ರಲ್ಲಿ ಇದ್ದೇವೆ. ಮಗಳಿಗೆ ಸ್ಕೂಲಿನಲ್ಲಿ ಟಿನ್ ವಿಸಲ್ (ತಗಡಿನ ಚಿಕ್ಕ ಕೊಳಲು) ಕಲಿಸುತ್ತಿದ್ದಾರೆ. ಮನೆ ತುಂಬಾ ಅದೇ ಪೀಪೀ. ಶನಿವಾರ ಐರಿಷ್ ಡ್ಯಾನ್ಸ್ ಕ್ಲಾಸಿಗೂ ಹೋಗುತ್ತಾಳೆ. ಈ ಸಲದ ಫ್ಲಾ, ಅಂದರೆ ಐರಿಷ್ ಸಂಗೀತ, ಕುಣಿತದ ದೊಡ್ಡ ಹಬ್ಬ, 2026ರ ಆಗಸ್ಟ್ 2ರಿಂದ 9ರವರೆಗೆ ಬೆಲ್‌ಫಾಸ್ಟ್‌ನಲ್ಲಿ. ಕಾರಿನಲ್ಲಿ ಎರಡು ಗಂಟೆಯ ದಾರಿ, ಹೋಗಿ ಎರಡು ದಿನ ಇದ್ದು ಬರೋಣ ಅಂತಿದ್ದೇವೆ.

ಆ ಹೊತ್ತಿಗೆ ಅಮ್ಮನೂ ಊರಿಂದ ಬಂದಿರುತ್ತಾರೆ. ಅವರು ವೀಣೆ ಕಲಿತವರು. ಯೂಟ್ಯೂಬ್‌ನಲ್ಲಿ ಐರಿಷ್ ಸಂಗೀತ ಹಾಕಿ ತೋರಿಸಿದೆ. "ಇದೆಲ್ಲಾ ಒಂದೇ ಅಲ್ವೇನೋ? ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೆ" ಅಂದುಬಿಟ್ಟರು. ನಿಜ ಹೇಳಬೇಕಂದರೆ ನನಗೂ ಹಾಗೇ ಕೇಳಿಸುತ್ತೆ.

ಲಕ್ಷಗಟ್ಟಲೆ ಜನ ಸೇರುತ್ತಾರಂತೆ. ಎಲ್ಲಿಂದ ಶುರು ಮಾಡಬೇಕು? ಪಬ್‌ನಲ್ಲಿ ನುಡಿಸುವವರ ಪಕ್ಕ ಹೋಗಿ ಕೂತರೆ ಏನಾದರೂ ಅಂದುಕೊಳ್ಳುತ್ತಾರಾ? ಗುಂಗುರು ವಿಗ್ ಹಾಕಿಕೊಂಡು ಕುಣಿಯುತ್ತಾರಲ್ಲ, ಮಗಳಿಗೆ ಅದನ್ನೇ ನೋಡಬೇಕಂತೆ. ಅದು ಯಾವ ದಿನ?

ಎನಿಸ್ ನರ್ಸಮ್ಮ:

ವಿಗ್ ವಿಷಯ ಮೊದಲೇ ಹೇಳಿಬಿಡುತ್ತೇನೆ, ಅಲ್ಲಿಗೆ ಹೋದಮೇಲೆ ಮಗು ಸಪ್ಪಗಾಗಬಾರದು. ವಿಗ್, ಮಿಂಚುವ ಡ್ರೆಸ್, ಅಲ್ಲಾಡದ ಕೈ, ಇದೆಲ್ಲ ಫೆಶ್ ಅನ್ನುವ ಬೇರೆ ಸ್ಪರ್ಧೆಗಳಲ್ಲಿ. ಅದನ್ನು ನಡೆಸುವವರೇ ಬೇರೆ. ಫ್ಲಾ ನಡೆಸುವುದು ಕೋಲ್ತಸ್ ಅನ್ನುವ ಐರಿಷ್ ಸಂಗೀತದ ಸಂಸ್ಥೆ. ಇಲ್ಲಿ ಕುಣಿತದ ಸ್ಪರ್ಧೆ ಅಂದರೆ ಮುಖ್ಯವಾಗಿ ಸೆಟ್ ಡ್ಯಾನ್ಸ್, ಕೇಲಿ ಡ್ಯಾನ್ಸ್, ಎರಡೂ ಗುಂಪಾಗಿ ಕುಣಿಯುವವು. ಹಾಗಂತ ಬೇಜಾರು ಬೇಡ. ರಸ್ತೆಯಲ್ಲಿ ಒಂದು ಹಲಗೆ ಹಾಕಿಕೊಂಡು ಹಾರ್ಡ್ ಶೂನಲ್ಲಿ ಟಕಟಕ ಅನ್ನಿಸುವ ಮಕ್ಕಳು ಸಿಕ್ಕೇ ಸಿಗುತ್ತಾರೆ. ವಿಗ್ ಇರಲ್ಲ, ಅಷ್ಟೇ. ನನ್ನನ್ನು ಕೇಳಿದರೆ ಇದೇ ವಾಸಿ.

ನಾನು ಪುತ್ತೂರಿನವಳು, ಕ್ಲೇರ್ ಕೌಂಟಿಯ ಎನಿಸ್‌ನಲ್ಲಿ ನರ್ಸ್. ಈ ಊರಿನಲ್ಲಿ ಸಂಗೀತದಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ವಾರ್ಡಿನ ಸಹೋದ್ಯೋಗಿ ಒಬ್ಬಳು ಚಳಿಗಾಲದ ಸೆಟ್ ಡ್ಯಾನ್ಸ್ ಕ್ಲಾಸಿಗೆ ಎಳೆದುಕೊಂಡು ಹೋದಳು. ಅಲ್ಲಿಂದ ಈ ಹುಚ್ಚು ಹಿಡಿದಿದೆ. ಹಾಗಾಗಿ ನನ್ನ ಸಲಹೆ ಪಕ್ಷಪಾತದ್ದು: ದೊಡ್ಡ ಸ್ಟೇಜಿನ ಎದುರು ನಿಂತು ಹೊತ್ತು ಕಳೆಯಬೇಡಿ, ಕೇಲಿಗೆ, ಅಂದರೆ ಕುಣಿತದ ಕೂಟಕ್ಕೆ, ಹೋಗಿ ನೀವೇ ಕುಣಿಯಿರಿ. ಎಲ್ಲಾ ಒಂದೇ ಥರ ಕೇಳಿಸುತ್ತೆ ಅನ್ನುವುದಕ್ಕೂ ಅದೇ ಮದ್ದು. ಇದು ಕುಣಿಯೋಕೆ ಅಂತಲೇ ಕಟ್ಟಿದ ಸಂಗೀತ. ಕೂತು ಕೇಳಿದಾಗ ಒಂದೇ ಅನ್ನಿಸಿದ್ದು ಕಾಲಿಗೆ ಬಂದ ತಕ್ಷಣ ಬೇರೆ ಬೇರೆ ಆಗಿಬಿಡುತ್ತೆ.

ಸೆಟ್ ಅಂದರೆ ನಾಲ್ಕು ಜೋಡಿ, ಚೌಕವಾಗಿ ಎದುರುಬದುರು ನಿಲ್ಲುವುದು. ಬ್ಯಾಂಡಿಗೆ ಬೆನ್ನು ಹಾಕಿದ ಜೋಡಿಯೂ ಅದರ ಎದುರಿನ ಜೋಡಿಯೂ ಟಾಪ್ಸ್. ಉಳಿದ ಎರಡು ಸೈಡ್ಸ್. ಗೊತ್ತಿಲ್ಲದವರು ಕಣ್ಣುಮುಚ್ಚಿಕೊಂಡು ಸೈಡ್ಸ್‌ನಲ್ಲಿ ನಿಲ್ಲಬೇಕು. ಯಾಕಂದರೆ ಸಾಮಾನ್ಯವಾಗಿ ಟಾಪ್ಸ್ ಮೊದಲು ಮಾಡುತ್ತಾರೆ, ನೀವು ನೋಡಿಕೊಂಡು ಅದನ್ನೇ ಮಾಡಿದರೆ ಆಯಿತು. ತಪ್ಪಿದರೆ ಯಾರೋ ಅಜ್ಜ ಭುಜ ಹಿಡಿದು ಸರಿಯಾದ ಕಡೆ ತಿರುಗಿಸಿಬಿಡುತ್ತಾರೆ. ಯಾರೂ ಮುಖ ಸಿಂಡರಿಸಲ್ಲ. ಸ್ವಿಂಗ್ (ಜೋಡಿಯಾಗಿ ಗಿರಗಿರ ತಿರುಗುವುದು) ಮಾಡುವಾಗ ಮಾತ್ರ ನೆಲ ನೋಡಬೇಡಿ, ಜೊತೆಗಾರರ ಮುಖ ನೋಡಿ, ಇಲ್ಲಾಂದ್ರೆ ತಲೆ ಸುತ್ತುತ್ತೆ. ರಬ್ಬರ್ ಸೋಲಿನ ಶೂ ಬೇಡ, ನೆಲಕ್ಕೆ ಕಚ್ಚಿಕೊಂಡು ಮಂಡಿ ನೋವಾಗುತ್ತೆ. ಚರ್ಮದ ಸೋಲಿನದು ಇದ್ದರೆ ಅದನ್ನೇ ಹಾಕಿಕೊಳ್ಳಿ.

ನಮ್ಮ ಕ್ಲೇರ್ ಕಡೆ ಸೆಟ್‌ಗೆ ಜಾಸ್ತಿ ರೀಲ್ ಅನ್ನುವ ಓಟದ ಧಾಟಿ. ಗಟ್ಟಿಗರು ಹಿಮ್ಮಡಿ, ತುದಿಗಾಲು ಎರಡೂ ಬಡಿದು ಸದ್ದು ಎಬ್ಬಿಸುತ್ತಾರೆ, ಅದನ್ನು ಬ್ಯಾಟರಿಂಗ್ ಅನ್ನುತ್ತಾರೆ. ಕೆರ್ರಿ ಕೌಂಟಿ ಕಡೆಗೆ ಹೋದರೆ ಪೋಲ್ಕಾ, ಸ್ಲೈಡ್ ಅನ್ನುವ ಬೇರೆ ಧಾಟಿಗಳು. ಹಿಂದೆ ಇದೆಲ್ಲ ಮನೆಗಳಲ್ಲಿ, ಅಡ್ಡರಸ್ತೆ ಸೇರುವ ಕಡೆ ಬಯಲಿನಲ್ಲಿ ನಡೆಯುತ್ತಿತ್ತು. 1935ರಲ್ಲಿ ಸರ್ಕಾರ ಕಾನೂನು ತಂದು, ಲೈಸೆನ್ಸ್ ಇಲ್ಲದೆ ಸಾರ್ವಜನಿಕ ಕುಣಿತ ಕೂಡದು ಅಂದಿತು. ಪಾದ್ರಿಗಳ ಒತ್ತಾಯ ಅದರ ಹಿಂದೆ ಇತ್ತು. ಪೊಲೀಸರೂ ಪಾದ್ರಿಗಳೂ ಮನೆ ಕುಣಿತದ ಮೇಲೂ ಅದನ್ನೇ ಬೀಸಿದರು. ಕುಣಿತ ಹಾಲ್‌ಗಳಿಗೆ ಹೋಯಿತು. ಅಷ್ಟು ದೊಡ್ಡ ಹಾಲ್‌ಗೆ ಒಂದು ಪಿಟೀಲು ಸಾಕಾಗುತ್ತಾ? ಕೇಲಿ ಬ್ಯಾಂಡ್‌ಗಳು ಬೆಳೆದದ್ದು ಹಾಗೆ. ಪಿಟೀಲು, ಕೊಳಲು, ಅಕಾರ್ಡಿಯನ್, ಜೊತೆಗೆ ಪಿಯಾನೋ, ಡ್ರಮ್.

ನೀವು ಟಿಕೆಟ್ ತಗೊಳ್ಳೋದಾದರೆ ಸೀನಿಯರ್ ಕೇಲಿ ಬ್ಯಾಂಡ್ ಸ್ಪರ್ಧೆಗೆ ತಗೊಳ್ಳಿ. ಕೊನೆಯ ಭಾನುವಾರ ಇರುತ್ತೆ, ಬೇಗ ಖಾಲಿಯಾಗುತ್ತೆ. ನಮ್ಮ ಕಿಲ್ಫೆನೋರಾ ಬ್ಯಾಂಡ್ 1954, 55, 56 ಮೂರೂ ವರ್ಷ ಗೆದ್ದಿತ್ತು. ಅದರ ಎದುರಾಳಿ ಟಲ್ಲಾ ಬ್ಯಾಂಡ್, ಅದೂ ಕ್ಲೇರ್‌ನದೇ. ಆ ಜಗಳ ಇಲ್ಲಿನ ಹಿರಿಯರಿಗೆ ಈಗಲೂ ಮುಗಿದಿಲ್ಲ. ಚಹಾ ಕೊಟ್ಟು ಯಾವ ಬ್ಯಾಂಡ್ ಒಳ್ಳೇದು ಅಂತ ಕೇಳಿದರೆ ಪೇಷಂಟ್ ಎದ್ದು ಕೂತುಬಿಡುತ್ತಾರೆ.

ಕಾರ್ಕ್ ಮೃದಂಗಿ:

ಅಮ್ಮನಿಗೆ ಲೆಕ್ಕ ಹೀಗೆ ಹೇಳಿ. ಜಿಗ್ ಅಂದರೆ ತಕಿಟ ತಕಿಟ. ರೀಲ್ ಅಂದರೆ ತಕಧಿಮಿ ತಕಧಿಮಿ, ಓಡುವ ನಡೆ. ಸ್ಲಿಪ್ ಜಿಗ್‌ಗೆ ತಕಿಟ ಮೂರು ಸಲ, ಒಂಬತ್ತು ಅಕ್ಷರ. ಹಾರ್ನ್‌ಪೈಪ್ ರೀಲ್‌ನ ಹಾಗೇ ನಾಲ್ಕರ ಲೆಕ್ಕ, ಆದರೆ ನಿಧಾನ, ಸ್ವಲ್ಪ ಕುಂಟಿಸಿಕೊಂಡು ಹೋಗುತ್ತೆ. ವೀಣೆ ಕಲಿತವರು ತೊಡೆ ತಟ್ಟಿಕೊಂಡು ಕೂತರೆ ಹತ್ತು ನಿಮಿಷದಲ್ಲಿ ಹಿಡಿದುಬಿಡುತ್ತಾರೆ.

ಸುತ್ತಿ ಸುತ್ತಿ ಬರುತ್ತೆ ಅಂದದ್ದು ನಿಜಾನೇ. ಸಾಮಾನ್ಯವಾಗಿ ಒಂದು ಟ್ಯೂನ್‌ನಲ್ಲಿ ಎರಡು ಭಾಗ, ಒಂದೊಂದೂ ಎಂಟು ಬಾರ್ (ಬಾರ್ ಅಂದರೆ ನಮ್ಮ ಆವರ್ತದ ಥರ ತಾಳದ ಒಂದು ಅಳತೆ). ಮೊದಲನೆಯದು ಎರಡು ಸಲ, ಎರಡನೆಯದು ಎರಡು ಸಲ, ಒಟ್ಟು 32 ಬಾರ್. ಅದನ್ನೇ ಮೂರು ಸಲ ನುಡಿಸಿ, ನಿಲ್ಲಿಸದೆ ಮುಂದಿನ ಟ್ಯೂನ್‌ಗೆ ಹಾರುತ್ತಾರೆ. ಹಾರುವ ಮೊದಲು ಯಾರೋ ಒಬ್ಬರು "ಹಪ್" ಅನ್ನಬಹುದು, ಇಲ್ಲ ಹುಬ್ಬು ಎತ್ತಬಹುದು. ಆ ಜಾಗ ಕಾಯುತ್ತಾ ಇರಿ. ಸ್ವರ ಬದಲಾದಾಗ ಇಡೀ ಪಬ್ ಒಂದು ಸಲ ಮೇಲೆದ್ದ ಹಾಗೆ ಅನ್ನಿಸುತ್ತೆ. ಮತ್ತೆ, ಪ್ರತಿ ಸುತ್ತಿನಲ್ಲೂ ಅಲಂಕಾರ ಬೇರೆ. ಪಿಟೀಲಿನವರ ಉಂಗುರಬೆರಳು ನೋಡಿ ಅಂತ ಅಮ್ಮನಿಗೆ ಹೇಳಿ, ರೋಲ್ ಅನ್ನುವ ಅಲಂಕಾರ ಅಲ್ಲೇ ಗೊತ್ತಾಗುತ್ತೆ.

ನರ್ಸಮ್ಮ ಅಕ್ಕ ಕುಣಿತದ ಕಡೆಗೇ ಎಳೆದುಕೊಂಡು ಹೋದರು. ನಾನು ಹೇಳೋದು, ಅಮ್ಮನನ್ನು ಸ್ಲೋ ಏರ್ ಸ್ಪರ್ಧೆಗೆ ಕರೆದುಕೊಂಡು ಹೋಗಿ. ಬಹುಪಾಲು ಐರಿಷ್ ಹಾಡಿನ ಧಾಟಿಗಳು, ತಾಳ ಇಲ್ಲ, ಉಸಿರೇ ಅಳತೆ. ಅದರಲ್ಲೂ ಇಲಿಯನ್ ಪೈಪ್ಸ್ ಬಿಡಬೇಡಿ. ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ಥರ ಬಾಯಿಂದ ಊದುವುದಲ್ಲ. ಬಗಲಲ್ಲಿ ಒಂದು ತಿದಿ, ಮೊಣಕೈಯಿಂದ ಒತ್ತುತ್ತಾರೆ. ಇನ್ನೊಂದು ಕೈ ಕೆಳಗೆ ಗಾಳಿಚೀಲ. ಕೂತು ನುಡಿಸುವುದು, ಎರಡು ಸ್ಥಾಯಿ ಸಿಗುತ್ತೆ. ಹಿಂದೆ ಶ್ರುತಿ ಹಿಡಿದುಕೊಂಡೇ ಇರುತ್ತೆ, ಅದು ಅಮ್ಮನಿಗೆ ಮನೆಯ ಸದ್ದು. ಮಣಿಕಟ್ಟಿನಿಂದ ಒತ್ತುವ ಕೀಲಿಗಳೂ ಇವೆ. 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಡಬ್ಲಿನ್‌ನ ಹೆನ್ರಿಯೆಟಾ ಸ್ಟ್ರೀಟ್‌ನಲ್ಲೇ ಪೈಪರ್‌ಗಳ ಸಂಘ ಇದೆ, 1968ರದ್ದು. ನಿಮ್ಮ ಮನೆಯಿಂದ ದೂರ ಏನಲ್ಲ.

ಬೋರಾನ್ ಬಗ್ಗೆ ಒಂದು ಮಾತು. ಆಡಿನ ಚರ್ಮದ ಬಳೆವಾದ್ಯ, ಚಿಕ್ಕ ಕೋಲಿನಿಂದ ನುಡಿಸುತ್ತಾರೆ. ಸಂಗೀತ ಸಂಯೋಜಕ ಶಾನ್ ಓ ರಿಯಾಡಾ ಅವರು 1960ರ ದಶಕದಲ್ಲಿ ತಮ್ಮ ಮೇಳದಲ್ಲಿ ಅದಕ್ಕೆ ಜಾಗ ಕೊಟ್ಟ ಮೇಲೆ ಎಲ್ಲ ಕಡೆ ಹರಡಿತು. ಸೆಷನ್‌ನಲ್ಲಿ, ಅಂದರೆ ಪಬ್‌ನಂಥ ಕಡೆ ಸೇರಿ ನುಡಿಸುವ ಕೂಟದಲ್ಲಿ, ಒಂದು ಸಲಕ್ಕೆ ಒಂದೇ ಬೋರಾನ್ ಅನ್ನುವುದು ಮರ್ಯಾದೆ. ಮೃದಂಗ ಬರುತ್ತೆ ಅಂತ ನಾವು ನುಗ್ಗಬಾರದು. ಇಲ್ಲಿ ತನಿ ಆವರ್ತನ ಯಾರೂ ಕೊಡಲ್ಲ!

ಗಾಲ್ವೇ ಟೆಕ್ಕಿ:

ಎಲ್ಲರೂ ತಕಿಟ ತಕಿಟ ಅಂತಿದ್ದೀರಿ, ವೀಸಾ ಕೇಳೋರೇ ಇಲ್ಲ. ಬೆಲ್‌ಫಾಸ್ಟ್ ಇರುವುದು ಬ್ರಿಟನ್ ಆಡಳಿತದಲ್ಲಿ. ಬಾರ್ಡರ್‌ನಲ್ಲಿ ಗೇಟ್ ಇಲ್ಲ, ಮೈಲಿಕಲ್ಲು ಬದಲಾದಾಗಲೇ ಗೊತ್ತಾಗುವುದು. ಆದರೆ ಕೈಯಲ್ಲಿ ಭಾರತದ ಪಾಸ್‌ಪೋರ್ಟ್, ಐಆರ್‌ಪಿ (ಐರ್ಲೆಂಡ್ ವಾಸದ ಪರವಾನಗಿ) ಕಾರ್ಡ್ ಇದ್ದರೆ ಯುಕೆ ವೀಸಾ ಬೇಕೇ ಬೇಕು. ತಮಾಷೆ ಅಂದರೆ, ಅಮ್ಮನ ಐರಿಷ್ ಟೂರಿಸ್ಟ್ ವೀಸಾ ಮೇಲೆ ಬಿಐವಿಎಸ್ (ಬ್ರಿಟನ್-ಐರ್ಲೆಂಡ್ ಜಂಟಿ ವೀಸಾ ಯೋಜನೆ) ಅಂತ ಬರೆದಿದ್ದರೆ ಅವರು ಅದರಲ್ಲೇ ಹೋಗಬಹುದು. ಮೊದಲು ಡಬ್ಲಿನ್‌ಗೆ ಬಂದು ಇಳಿದಿರಬೇಕು, ಅಷ್ಟೇ. ಹೊರಡುವ ಮುಂಚೆ ಸರ್ಕಾರಿ ಸೈಟ್‌ನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಬ್ಲಾಂಚ್ ಅಪ್ಪ:

ಗಾಲ್ವೇ ಅವರೇ, ಉಳಿಸಿದಿರಿ. ಅಮ್ಮನ ವೀಸಾ ಮೇಲೆ ಬಿಐವಿಎಸ್ ಇದೆ, ಮಗಳದ್ದು ಐರಿಷ್ ಪಾಸ್‌ಪೋರ್ಟ್. ಅರ್ಜಿ ಹಾಕಬೇಕಾದವನು ನಾನೊಬ್ಬನೇ. ನನಗೆ ವೀಸಾ ಬರದಿದ್ದರೆ ಅವರಿಬ್ಬರೇ ಬಸ್ಸಿನಲ್ಲಿ ಹೋಗುತ್ತಾರಂತೆ, ಈಗಲೇ ಮಾತಾಡಿಕೊಂಡಿದ್ದಾರೆ.

ಮೃದಂಗಿ ಅವರು ಬರೆದದ್ದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಶ್ರುತಿ ಅಂದ ತಕ್ಷಣ ಪೈಪ್ಸ್ ಹಾಕಿ ಕೇಳಿಸು ಅಂದರು. ಕೇಳಿ, "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಇನ್ನೊಂದು ಪ್ರಶ್ನೆ: ಮಗಳು ವಿಸಲ್ ತಗೊಂಡು ಹೋಗುತ್ತೇನೆ ಅಂತ ಹಟ ಮಾಡುತ್ತಿದ್ದಾಳೆ. ಅವಳಿಗೆ ಬರುವುದು ಮೂರೋ ನಾಲ್ಕೋ ಟ್ಯೂನ್. ಯಾರಾದರೂ ಸೇರಿಸಿಕೊಳ್ಳುತ್ತಾರಾ?

ಎನಿಸ್ ನರ್ಸಮ್ಮ:

ತಗೊಂಡು ಹೋಗಲಿ! ಸ್ಕೂಲಿನದಾದರೆ ಅದು ಡಿ ಶ್ರುತಿಯ ವಿಸಲ್ ಇರುತ್ತೆ, ಅದೇ ಸರಿ. ದೊಡ್ಡವರ ವೇಗದ ಸೆಷನ್‌ಗೆ ಬೇಡ, ಮಗುವಿಗೆ ಕಷ್ಟ. ರಸ್ತೆ ಬದಿಯಲ್ಲಿ ಮಕ್ಕಳೇ ಗುಂಪಾಗಿ ನುಡಿಸುತ್ತಿರುತ್ತಾರೆ, ಅಲ್ಲಿ ನಿಲ್ಲಿಸಿ. ಮೊದಲು ಕೇಳಲಿ. ಒಂದು ಸೆಟ್ (ಇಲ್ಲಿ ಒಂದರ ಹಿಂದೊಂದು ನುಡಿಸುವ ಟ್ಯೂನ್‌ಗಳು) ಮುಗಿದಾಗ, "ನಾನೂ ಕೂರಲಾ" ಅಂತ ಅವಳೇ ಕೇಳಲಿ, ನೀವು ಹಿಂದಿನಿಂದ ತಳ್ಳಬೇಡಿ. ಸ್ವಲ್ಪ ಹೊತ್ತಾದ ಮೇಲೆ ಯಾರಾದರೂ "ನೀನೊಂದು ಶುರು ಮಾಡು" ಅನ್ನುತ್ತಾರೆ. ಆಗ ಅವಳಿಗೆ ಚೆನ್ನಾಗಿ ಬರುವ ಜಿಗ್ ಎತ್ತಿಕೊಳ್ಳಲಿ, ಅವಳಿಗೆ ಒಗ್ಗುವ ವೇಗದಲ್ಲಿ. ಶುರು ಮಾಡಿದವರದ್ದೇ ವೇಗ, ಉಳಿದವರು ಅದಕ್ಕೆ ಬಗ್ಗುತ್ತಾರೆ.

ಇನ್ನೂ ಆಸೆ ಇದ್ದರೆ ಫ್ಲಾ ವಾರದಲ್ಲೇ ಸ್ಕೋಲ್ ಎಗ್ಶೆ ಅಂತ ಸಮ್ಮರ್ ಸ್ಕೂಲ್ ನಡೆಯುತ್ತೆ. ವಿಸಲ್, ಪಿಟೀಲು ಎಲ್ಲ ಹೇಳಿಕೊಡುತ್ತಾರೆ. ಅದಕ್ಕೆ ಎರಡು ದಿನ ಸಾಕಾಗಲ್ಲ, ರಜೆ ಜಾಸ್ತಿ ಹಾಕಿ. ರೂಮ್ ಮಾತ್ರ ಇವತ್ತೇ ನೋಡಿ. ಊರೊಳಗೆ ಸಿಗದಿದ್ದರೆ ರೈಲು ನಿಲ್ಲುವ ಲಿಸ್ಬರ್ನ್, ಬ್ಯಾಂಗೋರ್ ಕಡೆ ಹುಡುಕಿ.