ಮೆಸ್ ಊಟ ಸೂಚಿಸುವ ಎಐ ಆ್ಯಪ್: ಅನ್ನಕ್ಕೆ 4,473 ಕ್ಯಾಲೊರಿ ತೋರಿಸುತ್ತಿದೆ, ಶೇಂಗಾ ಅಲರ್ಜಿಗೆ ಚಿತ್ರಾನ್ನ ಕೊಡುತ್ತಿದೆ!

ಮಂಡಕ್ಕಿ_ಕೋಡರ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ. ಪ್ರಾಜೆಕ್ಟಿಗೆ ಹಾಸ್ಟೆಲ್‌ನವರಿಗಾಗಿ ಒಂದು ಆ್ಯಪ್ ಮಾಡುತ್ತಿದ್ದೇವೆ. ಇವತ್ತಿನ ಮೆಸ್ ಮೆನು, ಹತ್ತಿರದ ಖಾನಾವಳಿ, ಬೆಣ್ಣೆ ದೋಸೆ ಹೋಟೆಲ್, ಇಷ್ಟರಲ್ಲಿ ಯಾರು ಏನು ತಿಂದರೆ ಒಳ್ಳೆಯದು ಅಂತ ಎಐ ಹೇಳಬೇಕು. ಪೋಷಕಾಂಶದ ಲೆಕ್ಕಕ್ಕೆ ಐಎಫ್‌ಸಿಟಿ 2017 (ಭಾರತದ ಆಹಾರಗಳಲ್ಲಿ ಏನೇನು ಎಷ್ಟಿದೆ ಅನ್ನುವ) ಕೋಷ್ಟಕ ಬಳಸಿದ್ದೇವೆ. ತಿಂಡಿಗಳ ವಿವರಕ್ಕೆ ಎಂಬೆಡಿಂಗ್ ಮಾಡಿ (ಮಾತಿನ ಅರ್ಥವನ್ನು ಅಂಕಿಗಳ ಸಾಲಾಗಿಸಿ) ವೆಕ್ಟರ್ ಡೇಟಾಬೇಸಿಗೆ (ಅಂಥ ಸಾಲುಗಳಲ್ಲಿ ಹತ್ತಿರದ್ದನ್ನು ಹುಡುಕಿ ಕೊಡುವುದು) ಹಾಕಿದ್ದೇವೆ. ಬಳಕೆದಾರರು ಕೇಳಿದ್ದಕ್ಕೆ ಹತ್ತಿರದ 5 ತಿಂಡಿ ಹುಡುಕಿ ಎಐ ಮಾಡೆಲ್‌ಗೆ ಕೊಡುತ್ತೇವೆ.

ತೊಂದರೆ ಎರಡು. 300 ಗ್ರಾಂ ಅನ್ನ ಅಂದರೆ 4,473 ಕ್ಯಾಲೊರಿ ತೋರಿಸುತ್ತದೆ. ಇನ್ನೊಂದು ಇದಕ್ಕಿಂತ ಭಯ. "ಶೇಂಗಾ ಅಲರ್ಜಿ ಇದೆ, ಶೇಂಗಾ ಇಲ್ಲದ ತಿಂಡಿ ಹೇಳು" ಅಂದರೆ ಮೊದಲು ಬರುವುದೇ ಚಿತ್ರಾನ್ನ. ಅದರ ಕೆಳಗೆ ಒಂದು ಸಲಹೆ ಬೇರೆ: "ಶೇಂಗಾ ಆರಿಸಿ ತೆಗೆದು ತಿನ್ನಬಹುದು." ಪ್ರಾಂಪ್ಟಿನಲ್ಲಿ (ಮಾಡೆಲ್‌ಗೆ ಬರೆದುಕೊಡುವ ಸೂಚನೆಯಲ್ಲಿ) ಎಷ್ಟು ಒತ್ತಿ ಹೇಳಿದರೂ ಆಗೊಮ್ಮೆ ಈಗೊಮ್ಮೆ ಹೀಗೇ ಆಗುತ್ತದೆ. ಇನ್ನೂ ದೊಡ್ಡ ಮಾಡೆಲ್ ಹಾಕಿದರೆ ಸರಿ ಹೋಗುತ್ತಾ?

ಲೂಪ್‌ಲಿಂಗ

ಫೈನ್‌ಟ್ಯೂನ್ ಮಾಡಿ ನೋಡಿ ಗುರು, ನಿಮ್ಮ ಡೇಟಾ ಕೊಟ್ಟು ಮಾಡೆಲ್‌ಗೆ ಇನ್ನಷ್ಟು ಕಲಿಸಿ. ನಮ್ಮ ಕಡೆಯ ಅಡುಗೆ ಅದಕ್ಕೆ ಎಲ್ಲಿ ಗೊತ್ತಿರುತ್ತೆ?

ಹಳೇ_ಸರ್ವರ್

ಫೈನ್‌ಟ್ಯೂನೂ ಬೇಡ, ದೊಡ್ಡ ಮಾಡೆಲೂ ಬೇಡ. ಸುಮ್ನೆ ದುಡ್ಡು ದಂಡ. ಎರಡೂ ತೊಂದರೆ ಮಾಡೆಲ್‌ಗೆ ಹೋಗುವ ಮೊದಲೇ ಆಗುತ್ತಿವೆ.

ಮೊದಲು ಅನ್ನ. ಐಎಫ್‌ಸಿಟಿಯಲ್ಲಿ ಶಕ್ತಿಯ ಕಾಲಂ ಇರುವುದು ಕಿಲೊಜೂಲ್‌ನಲ್ಲಿ. 100 ಗ್ರಾಂ ಬಿಳಿ ಅಕ್ಕಿಗೆ 1,491. ನೀವು ಅದನ್ನು ಮೂರರಿಂದ ಗುಣಿಸಿ ಕ್ಯಾಲೊರಿ ಅಂತ ಹೆಸರಿಟ್ಟಿದ್ದೀರಿ. 4.184ರಿಂದ ಭಾಗಿಸಿ, 1,069 ಬರುತ್ತದೆ. ಅದೂ ಜಾಸ್ತಿ ಅನ್ನಿಸಿದರೆ ಕೆಳಗೆ ಅಕ್ಕ ಯಾರಾದರೂ ಹೇಳುತ್ತಾರೆ, ನನಗೆ ಅಡುಗೆ ಬರೋದಿಲ್ಲ.

ಈಗ ಶೇಂಗಾ. ಎಂಬೆಡಿಂಗ್ ನೋಡುವುದು ಮಾತು ಯಾವುದರ ಬಗ್ಗೆ ಅಂತ. "ಬೇಡ", "ಇಲ್ಲದ" ಅನ್ನುವುದು ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. "ಶೇಂಗಾ ಇಲ್ಲದ ತಿಂಡಿ" ಅಂದಾಗ ಅದಕ್ಕೆ ಹತ್ತಿರ ಕಾಣುವುದು ಶೇಂಗಾ ಇರುವ ತಿಂಡಿಯೇ. ಅಂದರೆ ನೀವೇ ಶೇಂಗಾ ತಿಂಡಿಗಳನ್ನು ಹುಡುಕಿ ಮಾಡೆಲ್ ಕೈಗೆ ಕೊಟ್ಟು, ಇದರಲ್ಲಿ ಶೇಂಗಾ ಇಲ್ಲದ್ದು ಆರಿಸು ಅನ್ನುತ್ತಿದ್ದೀರಿ. ಅದು ಇನ್ನೇನು ಮಾಡೀತು ಪಾಪ!

ಅಲರ್ಜಿಯನ್ನು ಪ್ರಾಂಪ್ಟಿನಿಂದ ಹೊರಗೆ ತೆಗೆಯಿರಿ. ಪ್ರತಿ ತಿಂಡಿಗೂ ಒಂದು ಐಡಿ, ಅದಕ್ಕೆ ಏನೇನು ಹಾಕುತ್ತಾರೆ ಅನ್ನುವ ಟೇಬಲ್. ಎಸ್‌ಕ್ಯುಎಲ್‌ನಲ್ಲೇ (ಡೇಟಾಬೇಸಿನಿಂದ ಬೇಕಾದ್ದು ಆರಿಸುವ ಭಾಷೆ) ಸೋಸಿ, ಉಳಿದದ್ದನ್ನು ಮಾತ್ರ ಮಾಡೆಲ್‌ಗೆ ಕಳಿಸಿ. ಯಾವ ತಿಂಡಿಯ ಸಾಮಾನು ಪಟ್ಟಿ ಪೂರ್ತಿ ತುಂಬಿಲ್ಲವೋ ಅದು ಅಲರ್ಜಿ ಇರುವವರಿಗೆ ಕಾಣಲೇಬಾರದು. ಮಾಡೆಲ್ ಐಡಿಯನ್ನಷ್ಟೇ ಜೇಸನ್‌ನಲ್ಲಿ (ಕೋಡ್ ಸುಲಭವಾಗಿ ಓದುವ ರೂಪದಲ್ಲಿ) ವಾಪಸ್ ಕೊಡಲಿ. ಆ ಐಡಿ ಕಳಿಸಿದ ಪಟ್ಟಿಯಲ್ಲಿ ಇದೆಯಾ ಅಂತ ಕೋಡ್ ನೋಡಲಿ, ಇಲ್ಲದಿದ್ದರೆ ಎಸೆಯಲಿ. ಹಾಗೆ ಮಾಡಿದರೆ ಮೆಸ್‌ನಲ್ಲಿ ಉಪ್ಪಿಟ್ಟಿರುವಾಗ ಕ್ವಿನೋವಾ ಸಲಾಡ್ ತಿನ್ನಿ ಅನ್ನುವ ತಲೆಹರಟೆಯೂ ನಿಲ್ಲುತ್ತದೆ. ಒಂದು ದಿನದ ಮೆನುಗೆ ವೆಕ್ಟರ್ ಡೇಟಾಬೇಸ್ ಬೇಕಾಗಿಯೇ ಇಲ್ಲ.

ಸಾಮಾನನ್ನೂ ಐಡಿಯಲ್ಲೇ ಇಡಿ. ಶೇಂಗಾ, ಕಡಲೆಕಾಯಿ, ಕಡ್ಲೆಬೀಜ ಮೂರೂ ಒಂದೇ ಐಡಿ. ಅಕ್ಷರ ಹೋಲಿಸಿ "ಕಡಲೆ" ಅಂತ ಹುಡುಕಿದರೆ ಕಡಲೆಬೇಳೆ, ಕಡಲೆಹಿಟ್ಟು ಎಲ್ಲಾ ಹೊರಗೆ ಹೋಗುತ್ತವೆ.

ಬೇಳೆಕಟ್ಟು

ಆ ಅಕ್ಕ ನಾನೇ ಇರಬೇಕು, ಡಯಟೀಷಿಯನ್. ಆ 1,491 ಹಸಿ ಅಕ್ಕಿಯದು, ಅನ್ನದ್ದಲ್ಲ. ಅಕ್ಕಿ ಬೆಂದರೆ ತೂಕ ಎರಡೂವರೆಯಿಂದ ಮೂರು ಪಟ್ಟು ಆಗುತ್ತದೆ. 300 ಗ್ರಾಂ ಅನ್ನದಲ್ಲಿ ಅಕ್ಕಿ 100ರಿಂದ 120 ಗ್ರಾಂ. ಹಾಗಾಗಿ ಸುಮಾರು 360ರಿಂದ 430 ಕಿಲೊಕ್ಯಾಲೊರಿ (ಮಾತಿನಲ್ಲಿ ಕ್ಯಾಲೊರಿ ಅನ್ನುವುದು ಇದನ್ನೇ). ಮುದ್ದೆಗೂ ಹೀಗೇ, ಹಿಟ್ಟಿನ ತೂಕ ಹಿಡಿಯಿರಿ. ಎನ್‌ಐಎನ್ (ರಾಷ್ಟ್ರೀಯ ಪೋಷಣಾ ಸಂಸ್ಥೆ) 2020ರ ಲೆಕ್ಕದಲ್ಲಿ ಕೂತು ಕೆಲಸ ಮಾಡುವ 65 ಕೆಜಿ ಗಂಡಸಿಗೆ ದಿನಕ್ಕೆ 2,110, 55 ಕೆಜಿ ಹೆಂಗಸಿಗೆ 1,660 ಸಾಕು. ಒಂದು ಊಟ ಇದನ್ನು ದಾಟಿದರೆ ಕೋಡ್ ಎಚ್ಚರಿಕೆ ಕೊಡುವಂತೆ ಮಾಡಿ, ಇಂಥ ಬಗ್ ಬೇಗ ಸಿಗುತ್ತದೆ.

ಆದರೆ ಹುಡುಗರೇ, ಕ್ಯಾಲೊರಿ ಒಂದನ್ನೇ ಹಿಡಿದುಕೊಂಡು ಕೂರಬೇಡಿ. ಹಾಸ್ಟೆಲ್ ಹುಡುಗಿಯರಲ್ಲಿ ನಾನು ಮೊದಲು ನೋಡುವುದು ಕಬ್ಬಿಣ. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ, ಹೆಂಗಸಿಗೆ 29. ಸೊಪ್ಪಿನ ಪಲ್ಯ ಇದ್ದ ದಿನ, ಅದರ ಕಬ್ಬಿಣ ಮೈಗೆ ಹತ್ತಲಿ ಅಂತ, ಆ್ಯಪ್ ನಿಂಬೆಹಣ್ಣು ಹಿಂಡಿಕೊಳ್ಳಿ ಅನ್ನಲಿ, ಊಟ ಆದ ತಕ್ಷಣ ಟೀ ಬೇಡ ಅನ್ನಲಿ. ಕ್ಯಾಲೊರಿಯ ಅಂಕಿ ಬೇಕೆಂದವರಿಗೆ ಮಾತ್ರ ಕಾಣಲಿ. ಊಟ ಬಿಟ್ಟು ಸಣ್ಣ ಆಗುವ ಹುಚ್ಚು ಹತ್ತುವ ವಯಸ್ಸದು.

ಗೋಧಿ ಆಗದವರಿಗೆ ಹಿಂಗು ನೋಡಿ. ಅಂಗಡಿಯ ಡಬ್ಬಿ ಹಿಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಇರುತ್ತದೆ, ಡಬ್ಬಿ ತಿರುಗಿಸಿ ಓದಿ. ಸಾರು, ಸಾಂಬಾರ್ ಎಲ್ಲದಕ್ಕೂ ಅದೇ ಬೀಳುವುದು. ರವೆ ಇಡ್ಲಿಯೂ ಇಡ್ಲಿ ಅಂತ ಒಳಗೆ ನುಗ್ಗುತ್ತದೆ. "ಸುರಕ್ಷಿತ" ಅಂತ ಹಸಿರು ಗುರುತು ಮಾತ್ರ ಹಾಕಬೇಡಿ. ಚಿತ್ರಾನ್ನದ ಸೌಟೇ ಮೊಸರನ್ನಕ್ಕೂ ಹೋಗುತ್ತದೆ, ಅಲ್ವಾ? "ಪಟ್ಟಿಯಲ್ಲಿ ಶೇಂಗಾ ಇಲ್ಲ, ಭಟ್ಟರನ್ನು ಕೇಳಿಕೊಳ್ಳಿ" ಅಂದರೆ ಸಾಕು.

ಮಂಡಕ್ಕಿ_ಕೋಡರ್

ಅಕ್ಕ, ಸರ್, ಇಬ್ಬರಿಗೂ ಥ್ಯಾಂಕ್ಸ್. ಅನ್ನ ಈಗ 390ರ ಸುಮಾರಿಗೆ ಬಂತು. ಸೋಸುವುದನ್ನು ಎಸ್‌ಕ್ಯುಎಲ್‌ಗೆ ಹಾಕಿದ ಮೇಲೆ ಶೇಂಗಾ ಕೇಳಿಕೆಗೆ ಚಿತ್ರಾನ್ನ ಬರುತ್ತಿಲ್ಲ. ಮಂಡಕ್ಕಿ ಒಗ್ಗರಣೆಯೂ ಹೋಯಿತು, ಬೇಜಾರು.

ಇನ್ನೆರಡು ಕೇಳುವುದಿದೆ. ವೆಜ್ ಅಂತ ಒಂದೇ ಬಟನ್ ಇದೆ. ಮೊಟ್ಟೆ ತಿನ್ನುವವರು, ಸೋಮವಾರ ಮಾತ್ರ ಬಿಡುವವರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು, ರಂಜಾನ್ ಉಪವಾಸದವರು ಎಲ್ಲಾ ಗೋಜಲು. ಇನ್ನೊಂದು, ಸಾಂಬಾರಿನಲ್ಲಿ ಬೇಳೆ ಎಷ್ಟು ಅಂತ ಹೇಗೆ ಹಿಡಿಯುವುದು? ನಮ್ಮಲ್ಲಿ ತಳ ಕಾಣುವಷ್ಟು ತೆಳ್ಳಗಿರುತ್ತೆ.

ಹಳೇ_ಸರ್ವರ್

ಬಟನ್ ಒಡೆದು ಹಾಕಿ. ಮಾಂಸ, ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಒಂದೊಂದಕ್ಕೂ ಬೇರೆ ಟಿಕ್. ಪಕ್ಕದಲ್ಲಿ ವಾರ, ಹೊತ್ತಿನ ಕಾಲಂ. ಅಲರ್ಜಿಗೆ ಬೇರೆಯದೇ ಟೇಬಲ್ ಇರಲಿ, ಅದನ್ನು "ಇವತ್ತೊಂದು ದಿನ ಪರವಾಗಿಲ್ಲ" ಅಂತ ತೆಗೆಯುವ ಅವಕಾಶ ಇರಬಾರದು.

ಬೇಳೆಕಟ್ಟು

ಸಾಂಬಾರಿಗೆ ಭಟ್ಟರೇ ಗತಿ. ಎಷ್ಟು ಕೆಜಿ ಬೇಳೆ ಹಾಕಿದಿರಿ, ಎಷ್ಟು ಲೀಟರ್ ಆಯಿತು ಅಂತ ಕೇಳಿ. 4 ಕೆಜಿ ತೊಗರಿಬೇಳೆಗೆ 40 ಲೀಟರ್ ಸಾಂಬಾರ್ ಅಂದುಕೊಳ್ಳಿ. 200 ಮಿಲಿ ಸೌಟಿಗೆ 20 ಗ್ರಾಂ ಬೇಳೆ, ಅಂದರೆ ಪ್ರೋಟೀನ್ 4 ಗ್ರಾಂ ಚಿಲ್ಲರೆ. ಸೌಟನ್ನು ಒಮ್ಮೆ ನೀರು ತುಂಬಿ ಅಳೆದುಕೊಳ್ಳಿ. ಕೊನೇ ಪಂಕ್ತಿಯವರಿಗೆ ಬಿಸಿನೀರು ಸೇರಿಸುತ್ತಾರಾ ಅನ್ನುವುದನ್ನೂ ಕೇಳಿ, ಸೇರಿಸಿದರೆ ಆ ಹೊತ್ತಿಗೆ ಲೆಕ್ಕ ಬೇರೆ.