ಬಾಡಿಗೆ ಮನೆಯ ಕರೆಂಟ್ ಉಳಿತಾಯ: ಎನರ್ಜಿ ಆಡಿಟರ್ (ಮನೆಯ ಕರೆಂಟ್ ಬಳಕೆ ತಪಾಸಣೆ ಮಾಡುವವರು) ಜತೆ ಗ್ರೂಪಿನಲ್ಲಿ ಪ್ರಶ್ನೋತ್ತರ

ಬಾಡಿಗೆದಾರ 1: ಸರ್, ಕರೆಂಟ್ ಉಳಿಸುವ ಯೋಜನೆಗೆ ಅರ್ಜಿ ಹಾಕಬೇಕು. ಓನರ್ ಸಹಿ ಬೇಕಂತೆ. ‘ಬಿಲ್ ಕಟ್ಟೋದು ನೀವು, ನನಗೇನು ಲಾಭ’ ಅಂತಾರೆ. ಏನು ಮಾಡಲಿ?

ಆಡಿಟರ್: ಎಲ್ಲ ಕಡೆ ಇದೇ ಗಂಟು. ಖರ್ಚು ಅವರದು, ಉಳಿತಾಯ ನಿಮ್ಮದು ಅಂದರೆ ಯಾರು ಒಪ್ಪುತ್ತಾರೆ? ಬಲ್ಬು, ಫ್ಯಾನಿನಂಥ ಬಿಚ್ಚಿಕೊಂಡು ಹೋಗುವ ವಸ್ತು ನೀವು ಹಾಕಿಸಿ. ಹಳೇ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್, ಅಂದರೆ ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನದು, ಸುಮಾರು 30. ದಿನಕ್ಕೆ 12 ಗಂಟೆ ತಿರುಗಿದರೆ ಒಂದೇ ಫ್ಯಾನಿನಲ್ಲಿ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಛಾವಣಿ, ಕಿಟಕಿ, ವೈರಿಂಗ್ ಓನರ್ ಪಾಲು, ಅದು ಅವರ ಆಸ್ತಿಯಲ್ಲೇ ಉಳಿಯುತ್ತದೆ ಅಲ್ವಾ. ಯಾರ ಖರ್ಚು, ಬಾಡಿಗೆ ಎಷ್ಟು ದಿನ ಏರಿಸುವುದಿಲ್ಲ ಅನ್ನುವುದನ್ನು ಮೊದಲೇ ಬರೆದುಕೊಳ್ಳಿ.

ಸದಸ್ಯ 2: ಪ್ಲಗ್‌ಗೆ ಹಾಕುವ ಪವರ್ ಸೇವರ್ ಡಬ್ಬಿಯಿಂದ ಬಿಲ್ ಅರ್ಧ ಆಗುತ್ತಂತೆ, ಫಾರ್ವರ್ಡ್ ಬಂದಿದೆ.

ಆಡಿಟರ್: ಆಗಲ್ಲ. ಒಳಗೆ ಇರುವುದು ಹೆಚ್ಚೆಂದರೆ ಒಂದು ಕೆಪಾಸಿಟರ್, ಅಂದರೆ ವಿದ್ಯುತ್ ಸ್ವಲ್ಪ ಹೊತ್ತು ಹಿಡಿದಿಡುವ ಸಣ್ಣ ಬಿಡಿಭಾಗ. ಮನೆ ಬಿಲ್ ಬರುವುದು ಯೂನಿಟ್ ಲೆಕ್ಕದಲ್ಲಿ, ಅದರಿಂದ ಯೂನಿಟ್ ಇಳಿಯುವುದಿಲ್ಲ.

ಓನರ್ 1: ನಾನು ಹೊಸ ಗೀಸರ್ ಹಾಕಿಸಿದೆ, ಎರಡೇ ತಿಂಗಳಿಗೆ ಮನೆ ಖಾಲಿ ಮಾಡಿದರು. ಇನ್ಯಾಕೆ ಖರ್ಚು ಮಾಡಬೇಕು?

ಬಾಡಿಗೆದಾರ 1: ಹೊಸ ಗೀಸರ್ ತೋರಿಸಿ ಮುಂದಿನವರಿಗೆ ಬಾಡಿಗೆ ಜಾಸ್ತಿ ಮಾಡಿರುತ್ತೀರಿ.

ಓನರ್ 1: ನನ್ನ ಲೆಕ್ಕ ನಿಮಗೇನು ಗೊತ್ತು? ಗೋಡೆ ತುಂಬ ಮೊಳೆ ಹೊಡೆದು ಹೋದವರನ್ನು ಕೇಳಿ.

ಬಾಡಿಗೆದಾರ 3: ಜಗಳದ ಮಧ್ಯೆ ಒಂದು ಪ್ರಶ್ನೆ. ತಣ್ಣನೆ ಗಾಳಿ ಬರದಿದ್ದರೆ ಗ್ಯಾಸ್ ಉಳಿಯುತ್ತೆ ಅಂತ ಫಾರ್ವರ್ಡ್ ಬಂತು. ಬಾತ್‌ರೂಮಿನ ವೆಂಟಿಲೇಟರ್‌ಗೆ ಪ್ಲಾಸ್ಟಿಕ್ ಅಂಟಿಸಿದೆ. ಗ್ಯಾಸ್ ಗೀಸರ್ ಒಳಗೇ ಇದೆ. ಎಷ್ಟು ಉಳಿಯಬಹುದು? ಮಗಳಿಗೆ ಸ್ನಾನ ಆದಮೇಲೆ ತಲೆಸುತ್ತು, ಅದು ಶೀತ ಇರಬೇಕು.

ಆಡಿಟರ್: ಶೀತ ಅಂತ ಸುಮ್ನೆ ಬಿಡಬೇಡಿ. ಈಗಲೇ ಎದ್ದು ಹೋಗಿ ಆ ಪ್ಲಾಸ್ಟಿಕ್ ಕಿತ್ತುಹಾಕಿ, ಗೀಸರ್ ಆರಿಸಿ, ಆಮೇಲೆ ಓದಿ. ಗ್ಯಾಸ್ ಉರಿಯಲು ಗಾಳಿ ಬೇಕು, ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಇರಬೇಕಾದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆಗುವುದು. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರು ಏನಾಗುತ್ತಿದೆ ಅಂತ ತಿಳಿಯುವ ಮೊದಲೇ ಕುಸಿದು ಬೀಳಬಹುದು, ಪ್ರಾಣವೇ ಹೋಗಬಹುದು. ಮಗಳನ್ನು ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಗ್ಯಾಸ್ ಗೀಸರ್ ಇದೆ ಅಂತ ಮರೆಯದೆ ಹೇಳಿ. ಗೀಸರ್ ಬಾತ್‌ರೂಮಿನಿಂದ ಹೊರಗೆ ಹೋಗಬೇಕು, ಹೊಗೆ ಬಯಲಿಗೆ ಹೋಗುವ ಹಾಗೆ ಕೂರಿಸಬೇಕು. ಇದು ಓನರ್ ಕೆಲಸ, ಮೆಸೇಜಿನಲ್ಲೇ ಬರೆದು ಕೇಳಿ. ಅಲ್ಲಿಯವರೆಗೆ ಅದನ್ನು ಹಚ್ಚಲೇಬೇಡಿ.

ಸದಸ್ಯ 4: ಛಾವಣಿಗೆ ಬಿಳಿ ಬಣ್ಣ ಒಂದು ಕೋಟ್ ಸಾಕಾ, ಎರಡು ಬೇಕಾ?

ಸದಸ್ಯ 5: ರಾತ್ರಿ ಫ್ರಿಜ್ ಆಫ್ ಮಾಡಿದರೆ ಒಳ್ಳೇದಂತೆ?

ಆಡಿಟರ್: ಬೇಡ. ಒಳಗಿನ ಆಹಾರ ಕೆಡುತ್ತದೆ. ಉಳಿತಾಯ ಬೇಕಿದ್ದರೆ ಬಾಗಿಲಿನ ರಬ್ಬರ್ ಸಡಿಲವಾಗಿದೆಯಾ ನೋಡಿ, ಸಡಿಲವಿದ್ದರೆ ತಂಪು ಸೋರುತ್ತದೆ.

ಓನರ್ 1: ಗೀಸರ್ ಜಾಗ ಬದಲಿಸುವುದೂ ನಮ್ಮ ತಲೆಗೇ?

ಆಡಿಟರ್: ಹೌದು, ನಿಮ್ಮದೇ. ಅದು ಉಳಿತಾಯದ ಮಾತಲ್ಲ, ಜೀವದ ಮಾತು, ಅದನ್ನು ಈಗಲೇ ಮಾಡಿಸಿ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಇರುತ್ತದಲ್ಲ, ಛಾವಣಿ, ವೈರಿಂಗಿನಂಥ ಉಳಿದ ಕೆಲಸಕ್ಕೆ ಅದೇ ಸರಿಯಾದ ಹೊತ್ತು. ಆಗಲೇ ತಪಾಸಣೆಗೆ ಕರೆಸಿ, ಯೋಜನೆಯ ಅರ್ಜಿಯನ್ನೂ ಹಾಕಿ.

ಬಾಡಿಗೆದಾರ 1: ಕೇಳಿಸಿತಾ ಓನರ್ ಸಾಹೇಬರೇ?

ಓನರ್ 1: ನಿಮ್ಮ ಹತ್ತಿರ ಮಾತಾಡಲಿಲ್ಲ ನಾನು.

ಸದಸ್ಯ 6: ಪವರ್ ಸೇವರ್ ಡಬ್ಬಿ ಬಗ್ಗೆ ಯಾರಾದರೂ ಹೇಳಿ.

ಆಡಿಟರ್: ಮೇಲೆ ಓದಿ. ಇನ್ನು ಆ ಡಬ್ಬಿಯ ಪ್ರಶ್ನೆಗೆ ಉತ್ತರಿಸಲ್ಲ. ಬಾಡಿಗೆದಾರ 3, ಪ್ಲಾಸ್ಟಿಕ್ ತೆಗೆದಿರಾ?

ಬಾಡಿಗೆದಾರ 3: ತೆಗೆದೆ ಸರ್. ಗೀಸರ್ ಆರಿಸಿದ್ದೇನೆ. ಡಾಕ್ಟರ ಹತ್ತಿರ ಹೊರಟಿದ್ದೇವೆ.